ಮನೆ ಆಮೇಲೆ, ಮೊದಲು ನೆಲದ ಕಾಗದ

ಜಿನನಾಥಪುರಕ್ಕೆ ಹೊರಗಿನವರು ಬರುವುದು ಬಸದಿ ನೋಡುವುದಕ್ಕೆ. ಚನ್ನರಾಯಪಟ್ಟಣ ತಾಲ್ಲೂಕು, ಶ್ರವಣಬೆಳಗೊಳದ ಮಗ್ಗುಲಲ್ಲೇ ಇರುವ ಊರು. ವಿಷ್ಣುವರ್ಧನನ ದಂಡನಾಯಕ ಗಂಗರಾಜ 12ನೇ ಶತಮಾನದಲ್ಲಿ ಕಟ್ಟಿಸಿದ ಊರು ಅಂತ ಶಾಸನ ಓದಿದವರು ಹೇಳುತ್ತಾರೆ. ಅಲ್ಲಿಯ ಶಾಂತಿನಾಥ ಬಸದಿಯ ಹೊರಗೋಡೆ ತುಂಬ ಕುಣಿಯುವವರು, ವಾದ್ಯ ನುಡಿಸುವವರು, ಯಕ್ಷ ಯಕ್ಷಿಯರು. ಎಂಟುನೂರು ವರ್ಷದಿಂದ ನಿಂತ ಜಾಗ ಬಿಟ್ಟು ಕದಲಿಲ್ಲ. ಅವರನ್ನು ಏಳಿ ಅನ್ನುವ ಧೈರ್ಯ ಯಾರಿಗೂ ಇಲ್ಲ. ಕೇಂದ್ರ ಸರ್ಕಾರದ ಕಾವಲಿದೆ, ಕಾನೂನಿದೆ.

ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ಉಳಿಯಿತು. ಕಲ್ಲು ಹೊತ್ತವರು ರಾತ್ರಿ ಎಲ್ಲಿ ಮಲಗುತ್ತಿದ್ದರು ಅನ್ನುವುದನ್ನು ಯಾರೂ ಬರೆಯಲಿಲ್ಲ.

ಹಳೇ ಮಾತು ಯಾಕೆ ಅಂತೀರಾ? ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ತಾಲ್ಲೂಕಿನ ಯಾವುದೇ ಎ.ಕೆ. ಕಾಲೋನಿಗೆ ಹೋಗಿ, "ನಿಮ್ಮ ಮನೆ ನಿಂತಿರೋ ನೆಲ ಯಾರದು?" ಅಂತ ಕೇಳಿ ನೋಡಿ. "ನಮ್ದೇ ಕಣಪ್ಪ, ನಮ್ಮ ತಾತನ ಕಾಲದಿಂದ ಇಲ್ಲೇ ಇದೀವಿ" ಅಂತಾರೆ. "ಕಾಗದ ಐತಾ?" ಅಂದರೆ ಎಷ್ಟೋ ಮನೆಗಳಲ್ಲಿ ಮಾತು ನಿಲ್ಲುತ್ತದೆ. ಕೆಲವರು ಒಳಗೆ ಹೋಗಿ ಟ್ರಂಕಿನ ತಳದಿಂದ ಪ್ಲಾಸ್ಟಿಕ್ ಕವರು ತೆಗೆದು ತರುತ್ತಾರೆ. ಅದರೊಳಗೆ ಕರೆಂಟು ಬಿಲ್ಲು, ರೇಷನ್ ಕಾರ್ಡು, ಪಂಚಾಯಿತಿ ಕಂದಾಯದ ಹರಿದ ರಸೀದಿ. ಬಂಧುಗಳೇ, ಅವೆಲ್ಲ ನೀವು ಅಲ್ಲಿ ಇದ್ದೀರಿ ಅನ್ನುವುದಕ್ಕೆ ಸಾಕ್ಷಿ. ಬಿಸಾಕಬೇಡಿ, ಜೋಪಾನ ಮಾಡಿ. ಆದರೆ ನೆಲ ನಿಮ್ಮದು ಅನ್ನುವುದಕ್ಕೆ ಅವು ಸಾಕ್ಷಿಯಲ್ಲ.

ನಾನು ಈ ಹಾಳೆಯಲ್ಲಿ ಹೇಳಬೇಕು ಅಂದುಕೊಂಡಿರುವುದು ಇಷ್ಟೆ. ನಾವು ಇಷ್ಟು ವರ್ಷ "ಮನೆ ಕೊಡಿ, ಮನೆ ಕೊಡಿ" ಅಂತ ಕೂಗಿದೆವು. ಎಲೆಕ್ಷನ್ ಬಂದಾಗಲೆಲ್ಲ "ನಿಮಗೊಂದು ಮನೆ ಹಾಕಿಸಿಕೊಡ್ತೀನಿ" ಅಂತ ಅವರೂ ಕೂಗಿದರು. ಇಬ್ಬರ ಕೂಗೂ ಒಂದೇ ಆಯಿತು. ಇದರಲ್ಲಿ ಏನೋ ಮೋಸವಿದೆ ಅಂತ ನಮಗೆ ಆಗಲೇ ಹೊಳೆಯಬೇಕಿತ್ತು. ನೆಲವಿಲ್ಲದ ಮನೆ ಅಂದರೆ ಒಡೆಯನ ಗೂಟಕ್ಕೆ ಇನ್ನೊಂದು ಹಗ್ಗ.

ನಮ್ಮ ಕಡೆಯ ಒಂದು ಹಳ್ಳಿ, ಹೆಸರು ಬೇಡ. ಗಂಡ ತೀರಿಹೋದ ಒಬ್ಬ ಹೆಂಗಸು, ನಾವೆಲ್ಲ ದೊಡ್ಡವ್ವ ಅಂತ ಕರೆಯುವವಳು. ಮೂರು ಸಾರಿ ಅರ್ಜಿ ಹಾಕಿದ ಮೇಲೆ ಪಟ್ಟಿಯಲ್ಲಿ ಅವಳ ಹೆಸರು ಬಂತು. ಕೇರಿಗೆಲ್ಲ ಕಾಫಿ ಕೊಟ್ಟಳು. ಹಳೇ ಗೋಡೆ ಬೀಳಿಸುವುದಕ್ಕೂ ದಿನ ನೋಡಿಸಿದಳು. ಆಮೇಲೆ ಪಂಚಾಯಿತಿಯಲ್ಲಿ "ನಿವೇಶನದ ನಮೂನೆ 9 ತನ್ನಿ" ಅಂದರು. ಅವಳಿಗೆ ನಮೂನೆಯೂ ಗೊತ್ತಿಲ್ಲ, ಒಂಬತ್ತೂ ಗೊತ್ತಿಲ್ಲ. ವಿಚಾರಿಸಿದರೆ, ಆ ಹದಿನಾರು ಮನೆಗಳ ಸಾಲು ಇಡೀ ನಿಂತಿರುವುದು ಊರಿನ ಒಬ್ಬ ಜಮೀನುದಾರರ ಸರ್ವೆ ನಂಬರಿನಲ್ಲಿ. ಪಹಣಿ ಅವರ ಹೆಸರಿನಲ್ಲಿ. ದೊಡ್ಡವ್ವ ಅವರ ಜಗಲಿಯ ಕೆಳಗೆ ನಿಂತು, "ಬುದ್ಧಿ, ಒಂದು ಸೈನು ಹಾಕ್ಕೊಡಿ" ಅಂದಳು. "ಇರೋವರೆಗೂ ಇರು, ಯಾರು ಬ್ಯಾಡ ಅಂದೋರು? ಕಾಗದ ಗೀಗದ ಕೇಳ್ಬ್ಯಾಡ" ಅಂತ ಉತ್ತರ ಬಂತು. ಗಡುವು ಮುಗಿಯಿತು. ಮಂಜೂರಾದ ಮನೆ ಇನ್ನೊಬ್ಬರಿಗೆ ಹೋಯಿತು. ಬೀಳಿಸಿದ ಗೋಡೆಗೆ ಟಾರ್ಪಾಲು ಕಟ್ಟಿಕೊಂಡು ಎರಡು ಮಳೆಗಾಲ ಕಳೆದಳು.

"ಇರೋವರೆಗೂ ಇರು." ಈ ಮಾತಿನಲ್ಲಿ ದಯೆ ಇದೆ ಅಂತ ನಮ್ಮ ಹಿರಿಯರು ನಂಬಿದ್ದರು. ದಯೆಯಲ್ಲ, ಇದು ಹಿಡಿತ. ಯಾವತ್ತು ಕೂಲಿ ಜಾಸ್ತಿ ಕೇಳುತ್ತೀರೋ, ಯಾವತ್ತು ತಮಟೆ ಹೊಡೆಯೋಲ್ಲ ಅಂತೀರೋ, ಯಾವತ್ತು ಮಗ ಅವರ ಮನೆಯ ಮುಂದೆ ಚಪ್ಪಲಿ ಹಾಕಿಕೊಂಡು ಬೈಕಿನಲ್ಲಿ ಹೋಗುತ್ತಾನೋ, ಅವತ್ತು ಆ "ಇರೋವರೆಗೂ" ಮುಗಿಯುತ್ತದೆ.

ಇದು ಸರ್ಕಾರಕ್ಕೆ ಗೊತ್ತಿಲ್ಲದ ಗುಟ್ಟಲ್ಲ. ದೇವರಾಜ ಅರಸರ ಕಾಲದಲ್ಲೇ, 1972ರಲ್ಲಿ, ಮನೆ ನಿವೇಶನ ಕೊಡುವುದಕ್ಕೆಂದೇ ಭೂಮಿ ಸ್ವಾಧೀನ ಮಾಡಿಕೊಳ್ಳುವ ಒಂದು ಪ್ರತ್ಯೇಕ ಕಾಯ್ದೆ ಬಂತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಉಳುವವನೇ ಹೊಲದೊಡೆಯ ಅನ್ನುವುದನ್ನು ಎಲ್ಲರೂ ನೆನೆಸುತ್ತಾರೆ. ಅದೇ ಕಾಯ್ದೆಯ 38ನೇ ಕಲಮನ್ನು ಯಾರೂ ನೆನೆಸುವುದಿಲ್ಲ. ಬೇರೆಯವರ ಜಮೀನಿನಲ್ಲಿ ವಾಸದ ಮನೆ ಮಾಡಿಕೊಂಡಿರುವ ಕೃಷಿ ಕೂಲಿಗಾರನಿಗೆ ಆ ಮನೆ, ಅದರ ಅಡಿಯ ನೆಲ, ಸುತ್ತಿನ ಅಗತ್ಯ ಜಾಗ, ಎಲ್ಲ ಸೇರಬೇಕು ಅಂತ ಆ ಕಲಮು. ನಮ್ಮ ಕೇರಿಗಳಿಗಾಗಿಯೇ ಬರೆದ ಹಾಗಿದೆ. ಎಷ್ಟು ಜನ ಅರ್ಜಿ ಹಾಕಿದರು? ನಾಳೆ ಬೆಳಿಗ್ಗೆ ಯಾರ ಹೊಲಕ್ಕೆ ಕೂಲಿಗೆ ಹೋಗಬೇಕೋ, ಅವರ ಮೇಲೆ ಇವತ್ತು ಅರ್ಜಿ ಹಾಕು ಅಂದರೆ ಯಾರು ಹಾಕುತ್ತಾರೆ? ಗೇಣಿದಾರರಿಗೆ ಉಳುವುದಕ್ಕೆ ಎತ್ತು ನೇಗಿಲಾದರೂ ಇತ್ತು. ನಮ್ಮವರಿಗೆ ಇದ್ದದ್ದು ಕೈಕಾಲು ಮಾತ್ರ. ಭೂಸುಧಾರಣೆಯಲ್ಲಿ ನೆಲ ಪಡೆದ ಎಷ್ಟೋ ಗೇಣಿದಾರರು ಇವತ್ತು ನಮಗೆ ಹೊಸ ಒಡೆಯರಾಗಿರುವ ಕತೆ ಬೇರೆ. ಅದನ್ನು ಇನ್ನೊಂದು ಸಂಚಿಕೆಯಲ್ಲಿ ಬರೆಯಬೇಕು.

ಆಮೇಲೆ ಜನತಾ ಮನೆ ಬಂತು. 1985ರಲ್ಲಿ ಇಂದಿರಾ ಆವಾಸ್ ಬಂತು. ಅದು ಮೊದಲು ಶುರುವಾದದ್ದೇ ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಬಿಡುಗಡೆಯಾದ ಜೀತದಾಳುಗಳಿಗೆ. 1990ರ ದಶಕದಲ್ಲಿ ಆಶ್ರಯ. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ. ಆಮೇಲೆ ಬಸವ ವಸತಿ, ಪರಿಶಿಷ್ಟರಿಗೆ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್, 2016ರಿಂದ ಕೇಂದ್ರದ ಪ್ರಧಾನಮಂತ್ರಿ ಆವಾಸ್. ಹೆಸರು ಬದಲಾಯಿತು, ಬೋರ್ಡಿನ ಮೇಲಿನ ಫೋಟೊ ಬದಲಾಯಿತು. ಎಲ್ಲದಕ್ಕೂ ಮೊದಲ ಷರತ್ತು ಒಂದೇ: ನಿವೇಶನ ನಿನ್ನ ಹೆಸರಿನಲ್ಲಿರಬೇಕು. ಅಂದರೆ ಇದ್ದವನಿಗೆ ಕೊಡುವುದು, ಇಲ್ಲದವನಿಗೆ "ಮುಂದಿನ ಸಾರಿ ನೋಡೋಣ" ಅನ್ನುವುದು.

ಈಗ ಇನ್ನೊಂದು ಬಾಗಿಲು ತೆರೆದಿದೆ, ಅದನ್ನೂ ನಮ್ಮವರು ನೋಡಿಲ್ಲ. ದಾಖಲೆಯಿಲ್ಲದ ಜನವಸತಿಗಳಲ್ಲಿ, ಅಂದರೆ ಹಟ್ಟಿ, ಹಾಡಿ, ತಾಂಡ, ಕಾಲೋನಿ, ಮಜರೆಗಳಲ್ಲಿ ಇರುವವರಿಗೆ ಮನೆಯ ಅಡಿಯ ನೆಲದ ಹಕ್ಕು ಕೊಡುವುದಕ್ಕೆ ಭೂಸುಧಾರಣಾ ಕಾಯ್ದೆಗೆ 38ಎ, ಭೂಕಂದಾಯ ಕಾಯ್ದೆಗೆ 94ಡಿ ಅಂತ ಹೊಸ ಕಲಮುಗಳು ಸೇರಿವೆ. ಖಾಸಗಿ ಜಮೀನಿನ ಮೇಲೆ ವಸತಿ ಇದ್ದರೂ ಇದಕ್ಕೆ ದಾರಿಯಿದೆ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಮಂತ್ರಿಗಳು ಬಂದು ಲಂಬಾಣಿ ತಾಂಡಗಳ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚಿದರು. 2025ರ ಮೇ ತಿಂಗಳಲ್ಲಿ ಹೊಸಪೇಟೆಯಲ್ಲಿ ರಾಜ್ಯ ಸರ್ಕಾರ 1,11,111 ಹಕ್ಕುಪತ್ರದ ಸಮಾವೇಶ ಮಾಡಿತು. ಒಬ್ಬರದು ಒಂದು ಪಕ್ಷ, ಇನ್ನೊಬ್ಬರದು ಇನ್ನೊಂದು ಪಕ್ಷ, ನಮಗೆ ಅದು ಬೇಡ. ತಾಂಡದ ಅಣ್ಣತಮ್ಮಂದಿರು ಸಂಘಟನೆ ಮಾಡಿ, ಕಚೇರಿ ಸುತ್ತಿ, ಸರ್ವೆ ಮಾಡಿಸಿ ಪಡೆದರು. ಅವರಿಗೆ ಸಿಕ್ಕದ್ದಕ್ಕೆ ಹೊಟ್ಟೆಕಿಚ್ಚು ಬೇಡ. ನಮ್ಮ ಕಾಲೋನಿಗಳಿಗೆ ಯಾಕಿಲ್ಲ ಅಂತ ಕೇಳೋಣ.

ಕೇಳುವುದಕ್ಕೆ ಮೊದಲು ನಮ್ಮ ಕೇರಿಯ ಜಾತಕ ನಮ್ಮ ಕೈಯಲ್ಲಿರಬೇಕು. ನಾಡಕಚೇರಿಗೆ ಹೋಗಿ ಕೇರಿ ನಿಂತಿರುವ ಸರ್ವೆ ನಂಬರಿನ ಪಹಣಿ ತೆಗೆಸಿ. ನಂಬರು ಗೊತ್ತಿಲ್ಲದಿದ್ದರೆ ಗ್ರಾಮ ಆಡಳಿತಾಧಿಕಾರಿಯನ್ನು ಕೇಳಿ ಊರಿನ ನಕ್ಷೆಯಲ್ಲಿ ತೋರಿಸಿಕೊಳ್ಳಿ. ಪಹಣಿಯ 9ನೇ ಕಾಲಮ್ಮಿನಲ್ಲಿ ಯಾರ ಹೆಸರಿದೆ ನೋಡಿ. ಅಲ್ಲಿ 'ಸರ್ಕಾರಿ' ಅಂತಿದ್ದರೆ ಒಂದು ದಾರಿ, ಖಾಸಗಿ ಹೆಸರಿದ್ದರೆ ಇನ್ನೊಂದು ದಾರಿ, ಗ್ರಾಮಠಾಣಾ ಆಗಿದ್ದರೆ ಮೂರನೇ ದಾರಿ. ಸರ್ಕಾರಿ ಜಾಗದಲ್ಲಿ ಮೊದಲೇ ಕಟ್ಟಿಕೊಂಡ ಮನೆಗಳನ್ನು ಸಕ್ರಮ ಮಾಡುವುದಕ್ಕೆ 94ಸಿ ಇದೆ. ಅದರ ಅರ್ಜಿಯ ಗಡುವನ್ನು ಹಲವು ಸಾರಿ ಹಿಂದೆ ಮುಂದೆ ಮಾಡಿದ್ದಾರೆ. ಹಿಂದೆ ಅರ್ಜಿ ಹಾಕಿ ಉತ್ತರ ಬಾರದವರು ಅದರ ನಂಬರು ಹಿಡಿದು ತಾಲ್ಲೂಕು ಕಚೇರಿಯಲ್ಲಿ ಕೇಳಲೇಬೇಕು.

ಗ್ರಾಮಠಾಣಾ ಅನ್ನುವ ಮಾತಿನಲ್ಲೇ ಒಂದು ಜಾತಿ ಅಡಗಿದೆ. ಹಳೇ ಸರ್ವೆಯವರು ಊರು ಅಂತ ಗೆರೆ ಎಳೆದಾಗ ಎಷ್ಟೋ ಕಡೆ ನಮ್ಮ ಕೇರಿಗಳು ಗೆರೆಯ ಆಚೆ ಬಿದ್ದವು. 2020ರಿಂದ ಸ್ವಾಮಿತ್ವ ಅನ್ನುವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಹಳ್ಳಿ ಮನೆಗಳಿಗೆ ಆಸ್ತಿ ಕಾರ್ಡು ಮಾಡುತ್ತಿದ್ದಾರೆ. ಒಳ್ಳೇ ಕೆಲಸವೇ. ಆದರೆ ಅದು ಅಳೆಯುವುದು ಊರೊಳಗಿನ ವಸತಿ ಪ್ರದೇಶವನ್ನು. ಗೆರೆಯ ಆಚೆಗಿನ ಕೇರಿಯ ಮೇಲೆ ಡ್ರೋನ್ ಹಾರಿತೋ ಇಲ್ಲವೋ, ಹಾರಿದರೂ ಕಾಗದ ಬಂತೋ ಇಲ್ಲವೋ, ಅದನ್ನು ನೀವೇ ಹೋಗಿ ವಿಚಾರಿಸಬೇಕು.

ಇನ್ನು ಜಾಗ ಇದ್ದವರ ಕತೆ. ಅರ್ಜಿ ಕೊಟ್ಟರೆ ಸ್ವೀಕೃತಿ ಕೇಳಿ. ಕೊಡದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಕೇಂದ್ರದ ಯೋಜನೆಗೆ ಬೇಕೆಂದಾಗ ಅರ್ಜಿ ಹಾಕುವ ಹಾಗಿಲ್ಲ. 2011ರ ಗಣತಿ, 2018ರ ಸಮೀಕ್ಷೆ, 2024ರಲ್ಲಿ ಶುರುವಾದ ಸಮೀಕ್ಷೆ, ಹೀಗೆ ಪಟ್ಟಿಯಲ್ಲಿ ಹೆಸರಿರಬೇಕು. ಮೊದಲು ಮನೆಯಲ್ಲಿ ಮೋಟರ್ ಬೈಕಿದ್ದರೂ ಹೆಸರು ಹೊಡೆದುಹಾಕುತ್ತಿದ್ದರು. 2024ರಲ್ಲಿ ಆ ಷರತ್ತು ತೆಗೆದರು. ಹಳೇ ಕಾರಣ ಹೇಳಿ ಯಾರಾದರೂ ವಾಪಸು ಕಳಿಸಿದರೆ ಒಪ್ಪಬೇಡಿ. ಹಣದ ಲೆಕ್ಕ ನೋಡಿ: ಬಯಲು ಸೀಮೆಯ ಹಳ್ಳಿಗಳಿಗೆ ಕೇಂದ್ರದ ಯೋಜನೆ ಕೊಡುವುದು 1,20,000 ರೂಪಾಯಿ, 2016ರಲ್ಲಿ ನಿಗದಿಯಾದದ್ದು. ಮೇಸ್ತ್ರಿ ಕೂಲಿ, ಸಿಮೆಂಟು, ಕಬ್ಬಿಣ, ಮರಳು ಮಾತ್ರ 2016ರಲ್ಲೇ ನಿಂತಿಲ್ಲ. ರಾಜ್ಯದ ಯೋಜನೆಯಲ್ಲಿ ಪಾಯ ಎದ್ದು ಫೋಟೊ ಏರಿಸಿದ ಮೇಲೆ ಮೊದಲ ಕಂತು. ಆಮೇಲೆ ಲಿಂಟಲ್ಲು, ಮೇಲ್ಛಾವಣಿ, ಮುಗಿದ ಮೇಲೆ ಕೊನೇದು. ಅಂದರೆ ಪಾಯದ ದುಡ್ಡು ನಾವೇ ತರಬೇಕು. ಎಲ್ಲಿಂದ? ಸಂಘದ ಸಾಲ, ಆಮೇಲೆ ಮೀಟರ್ ಬಡ್ಡಿ. ಲಿಂಟಲ್ ಮಟ್ಟಕ್ಕೆ ನಿಂತು ಗಿಡ ಬೆಳೆದ ಮನೆಗಳು ನಿಮ್ಮ ಊರಿನಲ್ಲಿ ಎಷ್ಟಿವೆ ಎಣಿಸಿ. ಅವುಗಳ ಮುಂದೆ ನಿಂತು ಅಧಿಕಾರಿಗಳು "ನಿಮ್ಮ ಜನಕ್ಕೆ ಕೊಟ್ರೂ ಕಟ್ಕೊಳ್ಳೋ ಯೋಗ್ಯತೆ ಇಲ್ಲ" ಅಂತಾರೆ. ಆ ಮಾತಿಗೆ ಉತ್ತರ ಈ ಲೆಕ್ಕ.

ನಮ್ಮವರ ತಪ್ಪನ್ನೂ ಬರೆಯದೆ ಬಿಟ್ಟರೆ ಈ ಹಾಳೆಗೆ ಮರ್ಯಾದೆ ಇರುವುದಿಲ್ಲ. ಕಂತಿಗೆ ಇಷ್ಟು ಅಂತ ತೆಗೆದುಕೊಳ್ಳುವ ದಲ್ಲಾಳಿ ಈಗ ಮೇಲ್ಜಾತಿಯವನೇ ಆಗಿರಬೇಕಿಲ್ಲ. ನೀಲಿ ಶಾಲು ಹೊದ್ದವರೂ ಇದ್ದಾರೆ, ಜೈಭೀಮ್ ಅಂದು ಕೈ ಚಾಚುವವರೂ ಇದ್ದಾರೆ. ಹಣ ನೇರವಾಗಿ ಬ್ಯಾಂಕಿಗೆ ಬರುವಾಗ ಇವನು ಯಾಕೆ ಬೇಕು? ಫೋಟೊ ಏರಿಸುವುದು ತಡವಾಗುತ್ತದೆ ಅನ್ನುವ ಹೆದರಿಕೆಯೇ ಇವನ ಬಂಡವಾಳ. ಇನ್ನೊಂದು ಮಾತು. ರಾಜ್ಯದ ಯೋಜನೆಗಳಲ್ಲಿ ಸಾಮಾನ್ಯವಾಗಿ ಮನೆ ಮಂಜೂರಾಗುವುದು ಹೆಂಗಸಿನ ಹೆಸರಿಗೆ. ಆ ಹಕ್ಕುಪತ್ರ ಹೆಂಡದಂಗಡಿಯ ಸಾಲಕ್ಕೆ, ಮಗಳ ಮದುವೆ ಸಾಲಕ್ಕೆ ಅಂತ ಸಾಹುಕಾರನ ಬೀರುವಿನಲ್ಲಿ ಕೂತಿದ್ದರೆ ಆ ಹೆಣ್ಣುಮಗಳು ಯಾವ ಮನೆಯ ಯಜಮಾನಿ?

ಪಟ್ಟಿ ಮಾಡುವ ಜಾಗ ಗ್ರಾಮಸಭೆ. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಅದಕ್ಕೆ ಕೋರಂ ಇದೆ: ಮತದಾರರಲ್ಲಿ ಹತ್ತರಲ್ಲೊಂದು ಪಾಲು ಅಥವಾ ನೂರು ಜನ, ಯಾವುದು ಕಡಿಮೆಯೋ ಅದು. ಬಂದವರಲ್ಲಿ ನೂರಕ್ಕೆ ಮೂವತ್ತು ಹೆಂಗಸರಿರಬೇಕು. ಪರಿಶಿಷ್ಟರು ಊರಿನ ಜನಸಂಖ್ಯೆಗೆ ತಕ್ಕಷ್ಟು ಇರಬೇಕು. ಆರು ತಿಂಗಳಿಗೆ ಒಂದಾದರೂ ಸಭೆ ನಡೆಯಬೇಕು, ಅದಕ್ಕೂ ಮೊದಲು ವಾರ್ಡುಸಭೆ. ನಡೆಯುವುದು ಹೇಗೆ ಅಂತ ನಿಮಗೇ ಗೊತ್ತು. ನಾವು ಕಳೆ ತೆಗೆಯುವುದಕ್ಕೆ ಹೋದ ಹೊತ್ತಿನಲ್ಲಿ ಸಭೆ. ಆಮೇಲೆ ಪುಸ್ತಕ ಮನೆಮನೆಗೆ ಬರುತ್ತದೆ, "ಇಲ್ಲೊಂದು ಹೆಬ್ಬೆಟ್ಟು ಒತ್ತಕ್ಕ." ಆ ಹೆಬ್ಬೆಟ್ಟು ಒತ್ತಬೇಡಿ. ಕೋರಂ ಇಲ್ಲದ ಸಭೆಯಲ್ಲಿ ಆದ ಪಟ್ಟಿಯನ್ನು ಪ್ರಶ್ನೆ ಮಾಡಬಹುದು. ಹಾಜರಿ ಪುಸ್ತಕ, ನಡವಳಿ, ಪಟ್ಟಿ ಮೂರರ ನಕಲನ್ನೂ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ, ಬಿ.ಪಿ.ಎಲ್. ನವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು.

ಈಗ ನನಗೆ ಹೆಚ್ಚು ಸಿಟ್ಟು ಬರುವ ವಿಷಯ. ನಿವೇಶನ ಕೊಡುತ್ತೇವೆ ಅಂತ ಒಪ್ಪಿದ ಮೇಲೂ ಎಲ್ಲಿ ಕೊಡುತ್ತಾರೆ? ಕೆರೆಯ ಹಿಂದೆ, ಸ್ಮಶಾನದ ಪಕ್ಕ, ಬಂಡೆಯ ಮೇಲೆ, ಊರಿಂದ ಒಂದು ಮೈಲಿ ಆಚೆ. ಊರ ಹತ್ತಿರ ಸರ್ಕಾರಿ ಜಾಗವಿದ್ದರೆ ಅದು ದನ ಮೇಯುವುದಕ್ಕೆ ಬೇಕು, ಜಾತ್ರೆಗೆ ಬೇಕು, ಕಣಕ್ಕೆ ಬೇಕು. ನಾವೂ "ಸಿಕ್ಕಿದ್ದೇ ಸಾಕು" ಅಂತ ಹೋಗಿ ಕೂರುತ್ತೇವೆ. ಹೀಗೆ ಹಳೇ ಹೊಲಗೇರಿಗೆ ಸರ್ಕಾರಿ ಖರ್ಚಿನಲ್ಲಿ ಹೊಸ ಕಾಲೋನಿ ಅನ್ನುವ ಹೆಸರು. ದೂರ ಇಟ್ಟದ್ದು ಮನಸ್ಸಿನಲ್ಲೂ ದೂರವೇ ಉಳಿಯುತ್ತದೆ. 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದೇವಸ್ಥಾನದೊಳಕ್ಕೆ ಹೋದರು ಅಂತ ನಮ್ಮ ಹೆಣ್ಣುಮಕ್ಕಳಿಗೆ ದಂಡ ಹಾಕಿದ ಸುದ್ದಿಯನ್ನು ನಾಡೆಲ್ಲ ಓದಿತು.

ಜಾಗವಿಲ್ಲ ಅನ್ನುವವರಿಗೆ ಬೆಳಗೊಳವನ್ನು ತೋರಿಸಬೇಕು. 1981, 1993, 2006, 2018, ಮಹಾಮಸ್ತಕಾಭಿಷೇಕ ಬಂದಾಗಲೆಲ್ಲ ಸುತ್ತಿನ ಬಯಲಿನಲ್ಲಿ ಉಪನಗರಗಳು ಏಳುತ್ತವೆ. ರಸ್ತೆ, ನಲ್ಲಿ, ದೀಪ, ಕಕ್ಕಸು, ಎಲ್ಲವೂ ಕೆಲವೇ ತಿಂಗಳಲ್ಲಿ. ಯಾತ್ರಿಕರಿಗೆ ನೆರಳು ಬೇಕು, ತಕರಾರಿಲ್ಲ. ಆ ಉಪನಗರಗಳಲ್ಲಿ ಗುಂಡಿ ತೋಡಿದವರಲ್ಲಿ, ಕಕ್ಕಸು ತೊಳೆದವರಲ್ಲಿ ನಮ್ಮವರೂ ಇದ್ದರು. ಹಬ್ಬ ಮುಗಿದು ಉಪನಗರ ಬಿಚ್ಚಿದ ಮೇಲೆ ಅವರು ಹೋದದ್ದು ಎಲ್ಲಿಗೆ? ಮನಸ್ಸಿದ್ದರೆ ಸರ್ಕಾರಕ್ಕೆ ಎಷ್ಟು ಬೇಗ ಊರು ಕಟ್ಟಲು ಬರುತ್ತದೆ ಅನ್ನುವುದನ್ನು ನಾವು ಹನ್ನೆರಡು ವರ್ಷಕ್ಕೊಮ್ಮೆ ಕಣ್ಣಾರೆ ನೋಡುತ್ತಿದ್ದೇವೆ.

ಕೋರ್ಟು ನಮ್ಮ ಕಡೆ ಮಾತಾಡಿದ್ದೂ ಇದೆ. ಉತ್ತರ ಪ್ರದೇಶದಲ್ಲಿ ದಲಿತರ ಮನೆಗಳಿಗೆ ಅಂತ ಸರ್ಕಾರ ತುರ್ತಾಗಿ ಜಮೀನು ಸ್ವಾಧೀನ ಮಾಡಿಕೊಂಡಾಗ ಜಮೀನಿನವರು ಸುಪ್ರೀಂ ಕೋರ್ಟಿಗೆ ಹೋದರು. ಚಮೇಲಿ ಸಿಂಗ್ ಮೊಕದ್ದಮೆ, 1995ರ ಡಿಸೆಂಬರಿನಲ್ಲಿ ತೀರ್ಪಾಯಿತು. ಸೂರು ಅನ್ನುವುದು ಸಂವಿಧಾನದ 21ನೇ ವಿಧಿಯ ಜೀವದ ಹಕ್ಕಿನೊಳಗೇ ಇದೆ ಅಂತ ಹೇಳಿ ಕೋರ್ಟು ಆ ಸ್ವಾಧೀನವನ್ನು ಎತ್ತಿಹಿಡಿಯಿತು. ಜಿಲ್ಲಾಧಿಕಾರಿಗೆ ಮನವಿ ಬರೆಯುವಾಗ ಈ ಮೊಕದ್ದಮೆಯ ಹೆಸರು ಬರೆಯಿರಿ.

ಜಿನನಾಥಪುರದವರಿಗೆ, ಹಾಗೇ ದೊಡ್ಡಗದ್ದವಳ್ಳಿ, ಮೊಸಳೆಯಂಥ ಹಳೇ ಗುಡಿಗಳ ಊರಿನವರಿಗೆ ಒಂದು ವಿಶೇಷ ಎಚ್ಚರಿಕೆ. ಕೇಂದ್ರ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ. 2010ರ ತಿದ್ದುಪಡಿಯಲ್ಲಿ ಇದು ಗಟ್ಟಿಯಾಯಿತು. 1992ರ ಜೂನ್ 16ಕ್ಕೆ ಮೊದಲಿದ್ದ ಮನೆಯಾದರೆ ಅನುಮತಿ ಪಡೆದು ರಿಪೇರಿ ಮಾಡಿಸಬಹುದು. ಅದರಾಚೆ ಇನ್ನೂ 200 ಮೀಟರಿಗೆ ಅನುಮತಿ ತಂದು ಕಟ್ಟಬಹುದು. ಬಸದಿ ಉಳಿಯಬೇಕು, ಅದು ನಮ್ಮ ಹಿರಿಯರ ಬೆವರೂ ಹೌದು. ಆದರೆ ಈ ಗೆರೆಯೊಳಗೆ ಬೀಳುವ ಬಡವನಿಗೆ ಇದನ್ನು ಯಾರೂ ಮೊದಲು ಹೇಳುವುದಿಲ್ಲ. ಹಳೇ ಮನೆ ಕೆಡವಿದ ಮೇಲೆ ನೋಟೀಸು ಬರುತ್ತದೆ. ಅರ್ಜಿ ಹಾಕುವ ಮೊದಲೇ ಅಳತೆ ಮಾಡಿಸಿ. ಗೆರೆಯೊಳಗಿದ್ದರೆ ಗೆರೆಯಾಚೆ, ಊರಿಗೆ ಅಂಟಿಕೊಂಡ ಹಾಗೆ, ಬದಲಿ ನಿವೇಶನ ಕೇಳಿ. ಕಲ್ಲಿಗೆ ನೂರು ಮೀಟರ್ ಬಿಡುವ ಸರ್ಕಾರ ಮನುಷ್ಯನಿಗೆ 30x40 ಬಿಡಲಿ.

ಹಳ್ಳಿ ಬಿಟ್ಟವರ ಪಾಡೇನು? ನನ್ನ ಅಕ್ಕನ ಮಗ ಓದುವುದಕ್ಕೆ ಪೇಟೆಗೆ ಹೋದ. ರೂಮು ಕೇಳಿದ ಕಡೆಯೆಲ್ಲ ಮೊದಲ ಪ್ರಶ್ನೆ ಬಾಡಿಗೆಯದಲ್ಲ, "ನೀವು ಯಾವ ಪೈಕಿ?" ಅಂತ. ಎರಡನೇದು "ಮಾಂಸ ಗೀಂಸ ಮಾಡ್ತೀರಾ?" ನಾಲ್ಕು ಕಡೆ ನಿಜ ಹೇಳಿದ, ನಾಲ್ಕು ಕಡೆಯೂ ಆಗಲೇ ಬೇರೆಯವರಿಗೆ ಕೊಟ್ಟಾಗಿತ್ತು. ಐದನೇ ಕಡೆ ಬೇರೆ ಜಾತಿ ಹೇಳಿದ. ಅವತ್ತು ಅವನಿಗೆ, "ಬಾಬಾಸಾಹೇಬರ ಫೋಟೊ ಗೋಡೆಗೆ ಹಾಕ್ಬ್ಯಾಡ ಮಗ, ಓದು ಮುಗೀಲಿ" ಅಂತ ಹೇಳಿದವನು ನಾನೇ. ಸಭೆಗಳಲ್ಲಿ ಮೈಕು ಹಿಡಿಯುವ ನಾನೇ. ಮೂರು ತಿಂಗಳಾದ ಮೇಲೆ ನನ್ನಕ್ಕ ಮಗನನ್ನು ನೋಡಲು ಹೋದಳು. ಊರಿನ ಯಾರದೋ ಗುರುತು ಸಿಕ್ಕಿ ಮನೆಯೊಡತಿಗೆ ವಿಷಯ ತಿಳಿಯಿತು. "ಭಾನುವಾರದೊಳಗೆ ಖಾಲಿ ಮಾಡು" ಅಂದರು. ಅಡ್ವಾನ್ಸಿನಲ್ಲಿ ಸುಣ್ಣಬಣ್ಣಕ್ಕೆ ಅಂತ ಅರ್ಧ ಹಿಡಿದುಕೊಂಡರು. ಭಾನುವಾರ ಬೆಳಿಗ್ಗೆಯೇ ನಾವು ಸಾಮಾನು ಎತ್ತಿದೆವು. ಯಾರಿಗೂ ಹೇಳಲಿಲ್ಲ.

1917ರಲ್ಲಿ ಅಮೆರಿಕ, ಇಂಗ್ಲೆಂಡಿನಲ್ಲಿ ಓದಿ ಬಂದ ಬಾಬಾಸಾಹೇಬರು ಬರೋಡದಲ್ಲಿ ಕೆಲಸಕ್ಕೆ ಸೇರಿದಾಗ ಅವರಿಗೆ ಊರಲ್ಲಿ ಮನೆ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿ ಪಾರ್ಸಿಗಳ ಛತ್ರದಲ್ಲಿ ಉಳಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದು ಬಂದವರು ಸಂಜೆಯೊಳಗೆ ಜಾಗ ಬಿಡಿಸಿದರು. ಸ್ನೇಹಿತರೂ ಒಂದೊಂದು ಕಾರಣ ಹೇಳಿದರು. ಸಾರ್ವಜನಿಕ ತೋಟದಲ್ಲಿ ಕೂತು ರೈಲಿನ ಹೊತ್ತು ಕಾದರು. ಇದನ್ನು ಅವರೇ ಬರೆದಿಟ್ಟಿದ್ದಾರೆ. ನಾವು ಮಾತ್ರ ನಾಚಿಕೆ ಅಂತ ಮುಚ್ಚಿಡುತ್ತೇವೆ. ನಾಚಬೇಕಾದವರು ಯಾರು?

ಸಾಮಾನು ಎತ್ತಿದ ಮೇಲೆ ಕಾನೂನು ಓದಿದೆ, ಮೊದಲೇ ಓದಬೇಕಿತ್ತು. ತಿಂಗಳ ಬಾಡಿಗೆಯವರನ್ನು ಬಿಡಿಸಬೇಕಾದರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಬರವಣಿಗೆಯಲ್ಲಿ 15 ದಿನದ ನೋಟೀಸು ಕೊಡಬೇಕು. ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮು. ನೋಟೀಸು ಮುಗಿದ ಮೇಲೂ ಬಲವಂತವಾಗಿ ಹೊರಗೆ ಹಾಕುವ ಹಾಗಿಲ್ಲ, ಕೋರ್ಟಿಗೆ ಹೋಗಬೇಕು. ಬೀಗ ಜಡಿದು ಹೊರಗೆ ಹಾಕಿದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಲ್ಲಿ ಆರು ತಿಂಗಳೊಳಗೆ ದಾವೆ ಹಾಕಿ ಒಳಗೆ ಹೋಗಬಹುದು. ಮಾಲೀಕರು ಯಾರು ಅನ್ನುವ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ. ಸರ್ಕಾರದ ಮೇಲೆ ಮಾತ್ರ ಈ ಕಲಮು ನಡೆಯುವುದಿಲ್ಲ. ರಾಜ್ಯದ 1999ರ ಬಾಡಿಗೆ ಕಾಯ್ದೆ ಇದೆಯಲ್ಲ ಅಂತ ಕೆಲವರು ಹೇಳುತ್ತಾರೆ. ಅದು ದೊಡ್ಡ ಊರುಗಳಲ್ಲಿ 3,500, ಉಳಿದ ಕಡೆ 2,000 ರೂಪಾಯಿಗಿಂತ ಹೆಚ್ಚಿನ ಬಾಡಿಗೆಗೆ ಅನ್ವಯವೇ ಇಲ್ಲ. 2,000ಕ್ಕೆ ಈಗ ದನದ ಕೊಟ್ಟಿಗೆ ಸಿಕ್ಕರೆ ಪುಣ್ಯ. ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸು ಬೇಡ ಅನ್ನುವ 2021ರ ಕೇಂದ್ರದ ಕಾಯ್ದೆ ಬರೀ ಮಾದರಿ, ರಾಜ್ಯ ಅದನ್ನು ಕಾನೂನು ಮಾಡದೆ ಅದರಿಂದ ಪ್ರಯೋಜನವಿಲ್ಲ. ಹಾಗಾಗಿ ಅಡ್ವಾನ್ಸಿಗೂ ಬಾಡಿಗೆಗೂ ರಸೀದಿ ಬರೆಸಿಕೊಳ್ಳಿ. ಬರೆಯದಿದ್ದರೆ ಫೋನಿನಲ್ಲಿ, ಬ್ಯಾಂಕಿನಲ್ಲಿ ಕಟ್ಟಿ. ಗುರುತು ಉಳಿಯುತ್ತದೆ.

ಜಾತಿ ಕೇಳಿ ಮನೆ ಇಲ್ಲ ಅನ್ನುವುದು ಅಪರಾಧವೋ ಅಲ್ಲವೋ? ಅವರ ಮನೆ, ಅವರಿಷ್ಟ ಅಂತ ನಮ್ಮಲ್ಲೇ ಓದಿದವರು ಹೇಳುತ್ತಾರೆ. 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆಯ 4ನೇ ಕಲಮು ಓದಿ. ಯಾವುದೇ ಪ್ರದೇಶದಲ್ಲಿ ವಾಸದ ಮನೆ ಕಟ್ಟುವುದಕ್ಕೆ, ಪಡೆಯುವುದಕ್ಕೆ, ಅದರಲ್ಲಿ ಇರುವುದಕ್ಕೆ ಅಸ್ಪೃಶ್ಯತೆಯ ಕಾರಣದಿಂದ ಅಡ್ಡಿ ಮಾಡುವುದು ಅಪರಾಧ ಅಂತ ಅಲ್ಲಿದೆ. ಒಂದರಿಂದ ಆರು ತಿಂಗಳು ಜೈಲು. 12ನೇ ಕಲಮಿನ ಪ್ರಕಾರ, ಅಂಥ ಅಡ್ಡಿ ಪರಿಶಿಷ್ಟ ಜಾತಿಯವರಿಗೆ ಆಗಿದ್ದರೆ ಅದು ಅಸ್ಪೃಶ್ಯತೆಯಿಂದಲೇ ಆಯಿತು ಅಂತ ಕೋರ್ಟು ಭಾವಿಸಬೇಕು. ಅಲ್ಲ ಅಂತ ತೋರಿಸುವ ಹೊಣೆ ಅವರದು. ಇದ್ದ ನೆಲದಿಂದ, ಮನೆಯಿಂದ ಅನ್ಯಾಯವಾಗಿ ಹೊರಹಾಕಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಬೇರೆ ಇದೆ. ಕೇಸು ಗೆಲ್ಲುವುದು ಸುಲಭ ಅಂತ ನಾನು ಹೇಳುತ್ತಿಲ್ಲ. ಮನೆಯವರು "ಜಾತಿಗಲ್ಲ, ಬೇರೆಯವರಿಗೆ ಮಾತು ಕೊಟ್ಟಿದ್ವಿ" ಅಂತಲೇ ಹೇಳುತ್ತಾರೆ. ಆದರೆ ಒಂದು ದೂರೂ ದಾಖಲಾಗದಿದ್ದರೆ ಇಂಥದ್ದು ನಡೆಯುವುದೇ ಇಲ್ಲ ಅಂತ ಸರ್ಕಾರದ ವರದಿ ಬರೆಯುತ್ತದೆ. ವಕೀಲರ ಫೀಜಿಗೆ ಹೆದರಬೇಡಿ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ವರಮಾನ ಎಷ್ಟೇ ಇರಲಿ, ವಕೀಲರನ್ನು ಉಚಿತವಾಗಿ ಕೊಡಬೇಕು.

ಅಕ್ಕನ ಮಗ ಈಗ ಬೇರೆ ರೂಮಿನಲ್ಲಿದ್ದಾನೆ. ಹೋದ ಸಾರಿ ನಾನು ಹೋದಾಗ ಗೋಡೆಯ ಮೇಲೆ ಬಾಬಾಸಾಹೇಬರ ಫೋಟೊ ಇತ್ತು. ನಾನು ಏನೂ ಕೇಳಲಿಲ್ಲ, ಅವನೂ ಏನೂ ಹೇಳಲಿಲ್ಲ.

ದೊಡ್ಡವ್ವನ ಕೇರಿಯ ಪಹಣಿ ಈಗ ನಮ್ಮ ಕೈಯಲ್ಲಿದೆ. ಹದಿನಾರು ಮನೆಯವರನ್ನೂ ಸೇರಿಸಿ 38ಎ ಕೆಳಗೆ ಒಂದೇ ಅರ್ಜಿ ಬರೆಯುತ್ತಿದ್ದೇವೆ. ಹನ್ನೊಂದು ಮನೆಯವರು ಸೈನು ಹಾಕಿದ್ದಾರೆ. ಉಳಿದ ಐದು ಮನೆಯವರು ಅದೇ ಜಮೀನುದಾರರ ತೆಂಗಿನ ತೋಟದಲ್ಲಿ ಕೆಲಸಕ್ಕಿದ್ದಾರೆ, ಅವರ ಮೇಲೆ ಸಿಟ್ಟಾಗುವುದು ಬೇಡ. ಅವರೊಂದಿಗೆ ಕೂತು ಮಾತಾಡುವುದಕ್ಕೆ ಪಕ್ಕದೂರಿನ ಸಂಗಾತಿಗಳೂ ಬರಬೇಕು. ನಿಮ್ಮ ನಿಮ್ಮ ಕೇರಿಯ ಸರ್ವೆ ನಂಬರಿನ ಪಹಣಿ ತೆಗೆಸಿಕೊಂಡು ಮುಂದಿನ ಸಭೆಗೆ ತನ್ನಿ. ಓದಲು ಬಾರದವರು ಹಾಗೇ ತನ್ನಿ, ಓದಿ ಹೇಳುವ ಹುಡುಗರಿದ್ದಾರೆ.